ಪ್ಯಾನಲ್ ಬೋರ್ಡಿನೊಳಗಿನ ಸಣ್ಣ ಬಳೆ: ಸಿಟಿ ಹೇಗೆ ಕೆಲಸ ಮಾಡುತ್ತೆ?

ಬಂಗಾರಪೇಟೆ ಕಡೆ ನಮ್ಮ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಮೋಟರ್ ಸುಟ್ಟರೆ ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಟೊಮೆಟೊ ಬಾಡಿರುತ್ತೆ. ಹೋದ ಬೇಸಿಗೆಯಲ್ಲಿ ನನಗೆ ಹಾಗೇ ಆಯ್ತು. ಡ್ರೈ ರನ್ ಪ್ರಿವೆಂಟರ್ ಇದ್ದೂ ಮೋಟರ್ ಹೋಯ್ತು. ಎಡವಟ್ಟಾಗಿದ್ದು ಬಳೆಯಂಥ ಒಂದು ಸಾಮಾನಿನ ಹತ್ತಿರ: ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದ್ರೆ ಸಿಟಿ.

ಕೆಲಸ ಹೇಗೆ?

ಬಳೆಯೊಳಗೆ ಕಬ್ಬಿಣದ ಕೋರ್, ಅದರ ಮೇಲೆ ತಾಮ್ರದ ತಂತಿಯ ಸುತ್ತುಗಳು. ಮೋಟರಿಗೆ ಹೋಗೋ ಒಂದು ಫೇಸ್ ವೈರ್ ಬಳೆಯ ನಡುವೆ ಹಾದುಹೋಗುತ್ತೆ. ಆ ವೈರಲ್ಲಿ ಎಸಿ ಕರೆಂಟ್ ಹರಿದಾಗ ಸುತ್ತಲಿನ ಕಾಂತಕ್ಷೇತ್ರ ಏರಿಳಿಯುತ್ತೆ. ಅದರಿಂದ ಬಳೆಯ ತಂತಿಯಲ್ಲಿ ಅದೇ ಲೆಕ್ಕದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ. ಸಿಟಿ ಮೇಲೆ 50/5 ಅಂತಿದ್ದರೆ, ವೈರಲ್ಲಿ 50 ಆಂಪ್ಸ್ ಹರಿದಾಗ ಅದು 5 ಆಂಪ್ಸ್ ಕೊಡುತ್ತೆ. ಮೋಟರ್ 16 ಎಳೆದರೆ, ಸಿಟಿ ಕೊಡೋದು 1.6.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ನಮ್ಮ ಕೆಜಿಎಫ್ ಗಣಿಗೆ ಕರೆಂಟ್ ತಂದರು. ಅಂಥ ದೊಡ್ಡ ಲೈನಿನ ಕರೆಂಟನ್ನು ನೇರ ಮೀಟರಿಗೆ ಕೊಡೋಕಾಗಲ್ಲ. ಇವತ್ತು ಸಬ್‌ಸ್ಟೇಷನ್ನಲ್ಲಿ ಅದನ್ನು ಅಳೆಯೋಕೂ ಸಿಟಿಯೇ ಬೇಕು.

ನನ್ನಲ್ಲಿ ಆದ ತಪ್ಪು

ರಿಪೇರಿಗೆ ಬಂದವರು ಉದ್ದ ಉಳಿದ ವೈರನ್ನು ಬಳೆಯೊಳಗೆ ಎರಡು ಸಲ ತೂರಿಸಿದ್ದರು. ಹಾಗೆ ಮಾಡಿದರೆ ಸಿಟಿಗೆ ಕರೆಂಟ್ ಎರಡರಷ್ಟು ಕಾಣುತ್ತೆ. 12 ಆಂಪ್ಸ್‌ಗಿಂತ ಕಮ್ಮಿಯಾದರೆ ಮೋಟರ್ ಆಫ್ ಆಗೋ ಹಾಗೆ ಸೆಟ್ ಮಾಡಿದ್ದೆ. ಬೋರಲ್ಲಿ ನೀರು ನಿಂತಾಗ ಕರೆಂಟ್ ಸುಮಾರು 9ಕ್ಕೆ ಇಳಿದಿರಬೇಕು. ಪ್ರಿವೆಂಟರಿಗೆ ಕಂಡಿದ್ದು 18! ನೀರಿದೆ ಅಂದ್ಕೊಂಡು ಓಡಿಸ್ತಾನೇ ಇತ್ತು.

ನೀವು ನೋಡಬೇಕಾದ್ದು

• ಸಿಟಿಯೊಳಗೆ ವೈರ್ ಎಷ್ಟು ಸಲ ಹಾದಿದೆ ಅಂತ ಎಣಿಸಿ. ಪ್ಯಾನಲ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು.

• ಕ್ಲ್ಯಾಂಪ್ ಮೀಟರಿನ ಬಾಯಲ್ಲೂ ಇರೋದು ಸಿಟಿಯೇ. ಒಂದು ಸಲಕ್ಕೆ ಒಂದೇ ವೈರ್ ಹಿಡೀರಿ. ಮೂರೂ ಫೇಸ್ ಒಟ್ಟಿಗೆ ಹಿಡಿದರೆ ಒಂದನ್ನೊಂದು ಕಳೆದು ಸೊನ್ನೆ ಹತ್ತಿರ ತೋರಿಸುತ್ತೆ.

• ಮೋಟರ್ ಓಡ್ತಿರುವಾಗ ಸಿಟಿಯಿಂದ ಮೀಟರಿಗೆ ಹೋಗೋ ವೈರ್ ಬಿಚ್ಚಲೇಬೇಡಿ. ಕರೆಂಟಿಗೆ ದಾರಿ ತಪ್ಪಿದರೆ ಬಿಚ್ಚಿದ ತುದಿಗಳಲ್ಲಿ ಜೀವಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಏರಬಹುದು.

ಮುಂದಿನ ಸಲ ರಿಪೇರಿಯವರು ಬಂದಾಗ, ಮೇನ್ ಆಫ್ ಮಾಡಿಸಿ, ಅವರು ಕೈ ಹಾಕೋ ಮೊದಲು ಪ್ಯಾನಲ್ ಒಳಗಿನ ಒಂದು ಫೋಟೊ ತೆಗೀರಿ. ಕೆಲಸ ಮುಗಿದ ಮೇಲೆ ಇನ್ನೊಂದು ತೆಗೆದು ಹೋಲಿಸಿ. ನಾನು ಅಷ್ಟು ಮಾಡಿದ್ದರೆ ನನ್ನ ಮೋಟರ್ ಉಳೀತಿತ್ತು.