ಕಿಟ್ಟಕ್ಕೆ ವಯಸ್ಸೆಷ್ಟು?

ಮಳೆಗಾಲ ಕಳೆದು ಖಾನಾಪುರದ ಕಾಡುಹಾದಿಗಳು ಒಣಗಿದೊಡನೆ, ಬೆಳಗಾವಿಯ ಸಂಚಾರಪ್ರಿಯರ ಚೀಲಗಳಲ್ಲಿ ಕಪ್ಪಾದ, ತೂಕವಾದ, ತೂತುತೂತಾದ ಗಟ್ಟಿಗಳು ಮನೆ ಸೇರುವುದುಂಟು. ಕಬ್ಬಿಣ ಕರಗಿಸಿದ ಪ್ರಾಚೀನರ ಕುಲುಮೆಯ ಕಿಟ್ಟವಿದು ಎಂದು ಹೆಮ್ಮೆಪಡುವ ಮುನ್ನ ತುಸು ತಾಳ್ಮೆ ಅವಶ್ಯ.

ಈ ಸೀಮೆಯಲ್ಲಿ ಕಣ್ಣನ್ನು ವಂಚಿಸುವ ವಸ್ತುಗಳು ಹೇರಳ. ಜಂಬಿಟ್ಟಿಗೆ ಕಲ್ಲು ಸ್ವಭಾವತಃ ತೂತುಳ್ಳದ್ದು. ಒಡೆದರೆ ಕೆಂಪು-ಹಳದಿ ಮಣ್ಣಿನ ಬಣ್ಣ ಹೊರಬೀಳುವುದು. ಲೋಂಡಾ ರೈಲುಮಾರ್ಗದ ಬದಿಯಲ್ಲಿ ಹಿಂದಿನ ಉಗಿಬಂಡಿಗಳು ಚೆಲ್ಲಿದ ಕಲ್ಲಿದ್ದಲ ಗಂಟು ಕೈಗೆ ಹಗುರ. ಖಾನಾಪುರದ ಹೆಂಚು-ಮಡಕೆಗಳಿಗೆ ಹೆಸರಾದ ಊರು. ಆವಿಗೆಯಲ್ಲಿ ಅತಿಯಾಗಿ ಬೆಂದ ಇಟ್ಟಿಗೆಯೂ ಕರಗಿ ಗಾಜಿನಂತೆ ಹೊಳೆಯುತ್ತದೆ. ಬೆಳಗಾವಿಯ ಉದ್ಯಮಬಾಗದಂಥ ಎರಕದ ಕಾರ್ಖಾನೆಗಳ ಕಸವೂ ಗಾಜಿನಂಥದೇ; ಅದನ್ನು ಎರಡು ಸಾವಿರ ವರ್ಷ ಹಿಂದಕ್ಕೆ ತಳ್ಳುವುದು ಸುಲಭ, ಸರಿಯಲ್ಲ.

ಹಳೆಯ ಮಣ್ಣುಕುಲುಮೆಯ ಕಾವಿಗೆ ಕಬ್ಬಿಣ ನೀರಾಗುತ್ತಿರಲಿಲ್ಲ. ಅದಿರಿನ ಕಶ್ಮಲವೇ ಕರಗಿ, ಕಬ್ಬಿಣದ ದೊಡ್ಡ ಪಾಲನ್ನೂ ಒಯ್ದು ಹೊರಹರಿಯುತ್ತಿತ್ತು. ಆದುದರಿಂದಲೇ ನಿಜವಾದ ಕಿಟ್ಟಕ್ಕೆ ಅಷ್ಟು ತೂಕ. ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ಹೆಪ್ಪುಗಟ್ಟಿದಂತೆ ಅದರ ಮೇಲ್ಮೈ ಮಡಿಕೆಮಡಿಕೆಯಾಗಿರುವುದು. ತಳಕ್ಕೆ ಮಣ್ಣು-ಮರಳು ಅಂಟಿರುವುದು. ಕಮ್ಮಾರನ ಒಲೆಯ ತಳದಲ್ಲಿ ಕೂಡಿದ ಕಿಟ್ಟವಾದರೋ ತಟ್ಟೆಯಾಕಾರ. ಅಯಸ್ಕಾಂತವೊಂದನ್ನೇ ನಂಬಿದರೆ ಸಾಲದು; ಜಂಬಿಟ್ಟಿಗೆಯ ಕೆಲವು ಹರಳುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ.

ಕಿಟ್ಟವೆಂದು ಖಚಿತವಾದರೂ ವಯಸ್ಸು ಮಾತ್ರ ತಿಳಿಯದು. ಇಂಥ ಕುಲುಮೆಗಳು ಉರಿಯುತ್ತಿದ್ದುದನ್ನು 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವರ್ಣಿಸಿದ್ದಾನೆ. ಶತಮಾನಗಳು ಉರುಳಿದರೂ ವಿಧಾನ ಹೆಚ್ಚು ಬದಲಾಗಲಿಲ್ಲ. ಎರಡು ಸಾವಿರ ವರ್ಷದ ಕಿಟ್ಟವೂ ಇನ್ನೂರು ವರ್ಷದ ಕಿಟ್ಟವೂ ನೋಟಕ್ಕೆ ಅವಳಿಜವಳಿ.

ಕಾಲವನ್ನು ಹೇಳಬಲ್ಲದ್ದು ಕಿಟ್ಟದೊಳಗೆ ಸಿಕ್ಕಿಬಿದ್ದ ಇದ್ದಿಲ ಚೂರು. ಮರ ಜೀವಂತವಿದ್ದಾಗ ಸೇರಿದ ವಿಕಿರಣಶೀಲ ಇಂಗಾಲ, ಮರ ಸತ್ತಮೇಲೆ ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ಉಳಿದುದನ್ನು ಅಳೆದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಇತಿಹಾಸವನ್ನೇ ತಿದ್ದಿದ್ದುಂಟು. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್, ದಕ್ಷಿಣದ ಬೃಹತ್‌ಶಿಲಾ ಸಮಾಧಿಗಳ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇರಿಸಿದ್ದರು. 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದ ಇದ್ದಿಲು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಆ ಇದ್ದಿಲು ಯಾವ ಪದರದಲ್ಲಿತ್ತು, ಜೊತೆಯಲ್ಲಿ ಯಾವ ಮಡಕೆ, ಯಾವ ಬಾಣದಲಗು ಇದ್ದವು ಎಂಬುದು ದಾಖಲಾಗಿದ್ದುದರಿಂದಲೇ ಅದರ ಮಾತಿಗೆ ಬೆಲೆ ಬಂತು.

ಕದಂಬರ ಹಲಸಿಯಿರುವುದು ಖಾನಾಪುರ ತಾಲ್ಲೂಕಿನಲ್ಲೇ; ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ಶಾತವಾಹನ ಕಾಲದ ಪಟ್ಟಣವೇ ಹೊರಬಂದಿದೆ. ಇಂಥ ನೆಲದಲ್ಲಿ ಕಿಟ್ಟ ಕಂಡರೆ ಎತ್ತದೆ, ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯಬೇಕು. ಸ್ಥಳವನ್ನು, ಸುತ್ತಲಿನ ಮಡಕೆಚೂರು, ತಿದಿಯ ಮಣ್ಣುಕೊಳವೆಗಳನ್ನು ಗುರುತುಹಾಕಿಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಅಗೆಯುವುದಂತೂ ಕೂಡದು. ಈಗಾಗಲೇ ಮನೆಗೆ ಬಂದುದನ್ನು ತೊಳೆಯುವುದು, ಹೊಳಪಿಗೆಂದು ಎಣ್ಣೆ ಸವರುವುದು ಬೇಡ: ಎಣ್ಣೆಯ ಇಂಗಾಲ ಹಳೆಯ ಇದ್ದಿಲಿಗೆ ಬೆರೆತು ಲೆಕ್ಕವನ್ನೇ ಕೆಡಿಸುತ್ತದೆ.