ತೊಟ್ಟಿಲ ಬಳಿಯ ಪಾಠ

‘ತೊಟ್ಟಿಲು’ ಎಂಬ ಪದವನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ. ‘ತೊ’ ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟುತ್ತದೆ. ‘ಟ್ಟಿ’ ಎನ್ನುವಾಗ ಅದೇ ತುದಿ ಹಿಂದಕ್ಕೆ ಮಡಚಿಕೊಂಡು ಅಂಗುಳನ್ನು ತಾಕುತ್ತದೆ. ಈ ಎರಡು ಸ್ಥಾನಗಳ ನಡುವಣ ಅಂತರ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚೇನಿಲ್ಲ. ಆದರೂ ನಮ್ಮ ಕಿವಿಗೆ ತಕಾರ ಬೇರೆ, ಟಕಾರ ಬೇರೆ. ಇಂಗ್ಲಿಷ್ ಒಂದನ್ನೇ ಆಡುತ್ತ ಬೆಳೆದ ವಯಸ್ಕರಲ್ಲಿ ಬಹುಮಂದಿಗೆ ಇವೆರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಅವರ ಕಿವಿಯಲ್ಲಿ ದೋಷವೇನೂ ಇಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಎಂದು ಬಂತು?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಕೆನಡದಲ್ಲಿ ಕೆಲಸ ಮಾಡುತ್ತಿದ್ದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನಶ್ಶಾಸ್ತ್ರಜ್ಞರು. 1984ರಲ್ಲಿ ಪ್ರಕಟವಾದ ಅವರ ಪ್ರಯೋಗದ ರೀತಿ ಬಹು ಸರಳವಾದುದು. ಕೂಸನ್ನು ತಾಯಿಯ ತೊಡೆಯ ಮೇಲೆ ಕೂರಿಸಿ ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಧ್ವನಿ ಬದಲಾದೊಡನೆ ಪಕ್ಕದಲ್ಲಿರುವ ಆಟಿಕೆಯೊಂದು ಬೆಳಗುತ್ತದೆ. ಬದಲಾವಣೆಯನ್ನು ಗುರುತಿಸಬಲ್ಲ ಕೂಸು ಆಟಿಕೆಯನ್ನು ನೋಡುವ ಆಸೆಯಿಂದ ಅತ್ತ ಕತ್ತು ಹೊರಳಿಸುತ್ತದೆ. ಗುರುತಿಸಲಾರದ ಕೂಸು ಸುಮ್ಮನಿರುತ್ತದೆ. ಹಿಂದಿಯ ತಕಾರ, ಟಕಾರಗಳನ್ನು ಹೀಗೆ ಕೇಳಿಸಿದಾಗ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ವ್ಯತ್ಯಾಸವನ್ನು ಕಂಡುಕೊಂಡವು. 10ರಿಂದ 12 ತಿಂಗಳ ಕೂಸುಗಳಲ್ಲಿ ಹಾಗೆ ಕಂಡುಕೊಂಡವು ತೀರ ಕೆಲವೇ. ಹಿಂದಿ ಮನೆಗಳ ಕೂಸುಗಳಾದರೋ ಆ ವಯಸ್ಸಿನಲ್ಲಿಯೂ ಸುಲಭವಾಗಿ ಗುರುತಿಸಿದವು.

ಎಂದರೆ, ಹುಟ್ಟುವಾಗ ಕೂಸಿನ ಕಿವಿ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ವರ್ಷ ತುಂಬುವಷ್ಟರಲ್ಲಿ ಮನೆಯಲ್ಲಿ ಕೇಳಿದ್ದು ಉಳಿಯುತ್ತದೆ, ಕೇಳದಿದ್ದುದು ಮಸುಕಾಗುತ್ತದೆ. ಒಂದು ಮಾತನ್ನೂ ಆಡಲಾರದ ಕೂಸು ಅಷ್ಟರಲ್ಲಿಯೇ ಒಂದು ದೊಡ್ಡ ಪಾಠವನ್ನು ಮುಗಿಸಿರುತ್ತದೆ!

ಕೇಳಿಸಿದರೆ ಸಾಕಲ್ಲವೆ, ಯಂತ್ರದಿಂದ ಕೇಳಿಸಿದರೇನು, ಬಾಯಿಂದ ಕೇಳಿಸಿದರೇನು ಎಂದು ವಾಚಕರು ಕೇಳಬಹುದು. 2003ರಲ್ಲಿ ಅಮೆರಿಕದ ಪೆಟ್ರಿಷಿಯ ಕುಹ್ಲ್ ಮತ್ತು ಅವರ ಸಂಗಡಿಗರು ಇದನ್ನೂ ಪರೀಕ್ಷಿಸಿದರು. 9 ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷಿಕರು ಕೆಲವು ವಾರಗಳ ಕಾಲ, ಒಟ್ಟು ಹನ್ನೆರಡು ಬಾರಿ, ಆಡುತ್ತ ಮಾತನಾಡಿದರು. ಆ ಕೂಸುಗಳು ಚೀನೀ ಧ್ವನಿಗಳ ವ್ಯತ್ಯಾಸವನ್ನು ಗುರುತಿಸುವುದನ್ನು ಕಲಿತವು. ಇನ್ನೊಂದು ಗುಂಪಿಗೆ ಅದೇ ಭಾಷಿಕರ ಅದೇ ಮಾತುಗಳನ್ನು ತೆರೆಯ ಮೇಲೆ ತೋರಿಸಲಾಯಿತು. ಆ ಗುಂಪು ಏನನ್ನೂ ಕಲಿಯಲಿಲ್ಲ. ಕೂಸಿನ ಕಲಿಕೆಗೆ ಧ್ವನಿ ಮಾತ್ರ ಸಾಲದು. ಅದು ಕಣ್ಣರಳಿಸಿದಾಗ ತಾನೂ ಕಣ್ಣರಳಿಸುವ, ‘ಊಂ’ ಎಂದಾಗ ‘ಊಂ’ ಎನ್ನುವ ಜೀವವೊಂದು ಎದುರಿಗಿರಬೇಕು.

ಇದಕ್ಕೆ ಭೌತಶಾಸ್ತ್ರದ ಒಂದು ಸಾದೃಶ್ಯವುಂಟು. ಜಂತಿಗೆ ಕಟ್ಟಿದ ಜೋಲಿಯ ಉದ್ದ ಎರಡು ಮೀಟರ್ ಇದ್ದರೆ ಅದು ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಹಿಡಿಯುತ್ತದೆ. ತೂಗುವ ಅಜ್ಜಿಗೆ ಈ ಸೂತ್ರ ತಿಳಿಯದು; ಆದರೆ ಜೋಲಿ ತನ್ನ ಕಡೆಗೆ ಬಂದು ತಿರುಗುವ ಕ್ಷಣ ಅವಳ ಕೈಗೆ ತಿಳಿದಿದೆ. ಆ ಕ್ಷಣದಲ್ಲಿ ಒಂದು ಬೆರಳಿನ ನೂಕು ಸಾಕು, ಆಂದೋಲನ ಬೆಳೆಯುತ್ತ ಹೋಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಎಷ್ಟು ಬಲವಾಗಿ ನೂಕಿದರೂ ಜೋಲಿ ಮುಗ್ಗರಿಸುತ್ತದೆ. ತೆರೆಯ ಮೇಲಿನ ಬೊಂಬೆ ಕೂಸಿನ ಸರದಿಯನ್ನು ಕಾಯುವುದಿಲ್ಲ. ತಾಯಿ ಕಾಯುತ್ತಾಳೆ.

ಇಷ್ಟೆಲ್ಲ ನಡೆಯುವಾಗ ಮಿದುಳಿನ ಒಳಗೇನಾಗುತ್ತಿರುತ್ತದೆ? ಹುಟ್ಟುವಾಗ ಸುಮಾರು 350 ಗ್ರಾಂ ಇರುವ ಮಿದುಳು ಮೊದಲ ವರ್ಷದಲ್ಲಿಯೇ ಎರಡರಷ್ಟನ್ನು ಮೀರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹವು ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಮಿದುಳಿಗೆ ಹೋಗುತ್ತದೆ. ಕೂಸಿನಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಹೊದಿಕೆಯಿಲ್ಲದ ನರತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ, ಎಂದರೆ ನಾವು ನಡೆಯುವ ವೇಗದಲ್ಲಿ, ಸಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆದ ದಪ್ಪ ತಂತುಗಳಲ್ಲಿ ಈ ವೇಗ ನೂರು ಮೀಟರಿನವರೆಗೂ ಏರಬಲ್ಲುದು. ಈ ಹೊದಿಕೆಯ ಕೆಲಸ ಬಹು ಭರದಿಂದ ನಡೆಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ನರಕೋಶಗಳ ನಡುವಣ ಸಂಧಿಗಳು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿ ಹುಟ್ಟಿ, ಬಳಕೆಯಾದವು ಬಲಿತು, ಉಳಿದವು ಕ್ರಮೇಣ ಉದುರುತ್ತವೆ. ತಕಾರ ಟಕಾರಗಳ ಕಥೆಯನ್ನು ಈ ಉಳಿಯುವ, ಉದುರುವ ಕ್ರಿಯೆಯೊಡನೆ ಸೇರಿಸಿ ನೋಡಬೇಕು.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಶಾಲೆಗೆ ಮಗು ಬರುವುದು ಆರನೆಯ ವರ್ಷಕ್ಕೆ. ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರು ತುಂಬಿದ ಮೇಲೆ. ಅದಕ್ಕೆ ಮುಂಚಿನ ಮಗು ಮನೆಯಲ್ಲಿಯೇ ಇರುತ್ತದೆ. ಆದುದರಿಂದ ಪಾಠವೇ ಮನೆಗೆ ಹೋಗಬೇಕು.

ಬಾಗಲಕೋಟೆಯಲ್ಲಿ ಪಾಠ ಹೇಳುವ ನನಗೆ ಇದನ್ನು ಕಣ್ಣಾರೆ ಕಾಣುವ ಅವಕಾಶ ದೊರೆತದ್ದು ಒಂದು ಬೇಸಿಗೆಯ ರಜೆಯಲ್ಲಿ, ಇಳಕಲ್ಲಿನಲ್ಲಿ. ಪರಿಚಿತರಾದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ತಮ್ಮೊಡನೆ ಒಂದು ನೇಕಾರರ ಮನೆಗೆ ಕರೆದೊಯ್ದರು. ಪಡಸಾಲೆಯ ಬಹುಭಾಗವನ್ನು ಕುಣಿಮಗ್ಗವೇ ಆಕ್ರಮಿಸಿತ್ತು. ಅತ್ತೆ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು; ಸೊಸೆ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಹನ್ನೊಂದು ತಿಂಗಳ ಕೂಸು ಗೋಡೆಗೆ ಒರಗಿಸಿದ್ದ ಮೊಬೈಲಿನ ಮುಂದೆ ಕುಳಿತಿತ್ತು. ಸೀರೆಯ ಲೆಕ್ಕಕ್ಕೆ ಕೂಲಿ. ಲಾಳಿ ನಿಂತರೆ ಆದಾಯ ನಿಂತಂತೆ. ಮೊಬೈಲನ್ನು ಕೂಸಿನ ಮುಂದಿಟ್ಟ ತಾಯಿಯನ್ನು ಗದರಿಸುವುದು ಸುಲಭ. ಅವಳ ಮಗ್ಗದ ಮುಂದೆ ಒಂದು ಗಳಿಗೆ ಕುಳಿತವರು ಹಾಗೆ ಗದರಿಸಲಾರರು.

ಕಾರ್ಯಕರ್ತೆ ಗದರಿಸಲಿಲ್ಲ. ಚೀಲದಿಂದ ಸೀರೆಯ ತುಂಡಿನಲ್ಲಿ ಕಟ್ಟಿದ ಚೆಂಡೊಂದನ್ನು ತೆಗೆದರು. ಅದು ಕೂಸಿನ ಬಾಯಿಯೊಳಗೆ ಹೋಗದಷ್ಟು ದೊಡ್ಡದಾಗಿತ್ತು. ಅದನ್ನು ಅವರು ಬೇಕೆಂದೇ ಹಾಗೆ ಕಟ್ಟಿದ್ದರಂತೆ. ಕೂಸು ನೋಡುತ್ತಿರುವಂತೆಯೇ ಚೆಂಡಿನ ಮೇಲೆ ಒಂದು ಬಟ್ಟಲನ್ನು ಬೋರಲು ಹಾಕಿದರು. ಕೂಸು ಬಟ್ಟಲನ್ನು ನೋಡಿತು, ಅವರ ಮುಖವನ್ನು ನೋಡಿತು, ಬಟ್ಟಲನ್ನು ಎತ್ತಿ ಕೇಕೆ ಹಾಕಿತು. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆಂಬ ಅರಿವು ಕೂಸಿನಲ್ಲಿ ಎಂದು ಮೂಡುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಇಂಥದೇ ಆಟದಿಂದ ಪರೀಕ್ಷಿಸಿದ್ದರು. ಇಲ್ಲಿ ಪಿಯಾಜೆಯ ಹೆಸರನ್ನು ಯಾರೂ ಎತ್ತಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

“ಇದಕ್ಕೇನ್ ತಿಳೀತೈತ್ರಿ ಅಕ್ಕಾರ, ಇನ್ನಾ ಹಸಗೂಸು” ಎಂದಳು ತಾಯಿ, ನಗುತ್ತ.

“ನೀನ ಮಾಡಿ ನೋಡವಾ” ಎಂದು ಕಾರ್ಯಕರ್ತೆ ಬಟ್ಟಲನ್ನು ಅವಳ ಕೈಗೆ ಕೊಟ್ಟು ತಾವು ಹಿಂದೆ ಸರಿದು ಕುಳಿತರು.

ಆ ಭೇಟಿಯ ತಿರುಳು ಈ ಹಿಂದೆ ಸರಿಯುವುದರಲ್ಲಿದೆ ಎಂದು ನನ್ನ ಅಭಿಪ್ರಾಯ. ವಾರಕ್ಕೆ 168 ಗಂಟೆ. ಭೇಟಿಗೆ ಬಂದವರು ಒಂದು ಗಂಟೆ ಕೂಸನ್ನು ಆಡಿಸಿ ಹೊರಟುಹೋದರೆ ಉಳಿದ 167 ಗಂಟೆಗಳಲ್ಲಿ ಏನೂ ನಡೆಯದು. ಆ ಗಂಟೆಯಲ್ಲಿ ತಾಯಿಯೋ ಅಜ್ಜಿಯೋ ಒಂದು ಆಟವನ್ನು ತಮ್ಮದಾಗಿಸಿಕೊಂಡರೆ ಅದು ಮರುದಿನವೂ ನಡೆಯುತ್ತದೆ. ನೇಯುತ್ತಲೇ ಆಡಬಹುದಾದ ಮಾತುಗಳನ್ನು ಕಾರ್ಯಕರ್ತೆ ಸೂಚಿಸಿದರು: ಕೆಂಪು ನೂಲು ಬಂತು, ಲಾಳಿ ಹೋಯಿತು, ಲಾಳಿ ಬಂತು. ಅತ್ತೆಯವರು ಇದನ್ನು ಕೇಳಿ, ತಾವು ಮಕ್ಕಳನ್ನು ಸಾಕಿದ್ದೇ ಹೀಗೆಂದು ಸ್ವಲ್ಪ ಗರ್ವದಿಂದಲೇ ಹೇಳಿದರು. ಅದು ನಿಜವೇ ಇರಬೇಕು. ನಮ್ಮ ಕಡೆಯ ಜೋಳದ ದಂಟಿನ ಬಂಡಿ, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಯಾವ ಪ್ರಯೋಗಶಾಲೆಯಲ್ಲಿ ಹುಟ್ಟಿದವು?

ಇಂಥ ಸಾಮಾನ್ಯ ಆಟದಿಂದ ಅಳೆಯಬಹುದಾದಷ್ಟು ಫಲವುಂಟೆ? ವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳಬೇಕು. ಇದಕ್ಕೆ ಉತ್ತರ ದೊರೆತದ್ದು ದೂರದ ಜಮೈಕ ದ್ವೀಪದಲ್ಲಿ. 1986ರ ಸುಮಾರಿಗೆ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಪೋಷಣೆ ಸಾಲದೆ ಎತ್ತರ ಕುಂಠಿತವಾಗಿದ್ದ 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಪೂರಕ ಆಹಾರ, ಒಂದಕ್ಕೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯ ಒಂದು ಗಂಟೆಯ ಭೇಟಿ ಮತ್ತು ಆಟ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಯಾವುದೂ ಇಲ್ಲ. ಆಟಿಕೆಗಳು ಬಹುಮಟ್ಟಿಗೆ ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಮಾಡಿದವು. ಎರಡು ವರ್ಷದ ಕೊನೆಗೆ ಆಹಾರವೂ ಆಟವೂ ಬುದ್ಧಿಯ ಬೆಳವಣಿಗೆಗೆ ನೆರವಾಗಿದ್ದುದು ಕಂಡುಬಂತು. ಎರಡನ್ನೂ ಪಡೆದವರು ಎಲ್ಲರಿಗಿಂತ ಮುಂದಿದ್ದರು. ಆ ಮಕ್ಕಳು 22 ವರ್ಷದವರಾದಾಗ ಸಂಶೋಧಕರು ಅವರಲ್ಲಿ 105 ಮಂದಿಯನ್ನು ಮತ್ತೆ ಹುಡುಕಿ ಕಂಡರು. ಆಹಾರದಿಂದಾದ ಲಾಭದ ಗುರುತು ಅಷ್ಟರಲ್ಲಿ ಅಳಿಸಿಹೋಗಿತ್ತು. ಆದರೆ ಮನೆಭೇಟಿಯ ಗುಂಪಿನವರ ಗಳಿಕೆ ಭೇಟಿಯಿಲ್ಲದವರ ಗಳಿಕೆಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತು. ಆಹಾರ ಬೇಡವೆಂದು ಇದರ ಅರ್ಥವಲ್ಲ. ಅರ್ಧಕ್ಕೂ ಹೆಚ್ಚು ಶಕ್ತಿಯನ್ನು ಮಿದುಳಿಗೆ ಸುರಿಯುವ ದೇಹಕ್ಕೆ ಅನ್ನವಿಲ್ಲದೆ ಯಾವ ಆಟ? ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ನಮ್ಮ ದೇಶದಲ್ಲಿಯೇ, ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ, ಇದೇ ಮಾದರಿಯ ಭೇಟಿಗಳನ್ನು ಒಂದೂವರೆ ವರ್ಷ ನಡೆಸಿದಾಗ ಮಕ್ಕಳ ಬುದ್ಧಿಯ ಬೆಳವಣಿಗೆಯಲ್ಲಿ ಪ್ರಗತಿ ಕಂಡಿತು. ಆದರೆ ಕೊಲಂಬಿಯ ದೇಶದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಮೊದಲು ಕಂಡ ಲಾಭ, ಭೇಟಿಗಳು ನಿಂತ ಎರಡು ವರ್ಷಗಳ ಮೇಲೆ ಅಳತೆಗೆ ಸಿಕ್ಕಲಿಲ್ಲ. ನೂಕುವುದನ್ನು ಬಿಟ್ಟ ಜೋಲಿ ಎಷ್ಟು ಹೊತ್ತು ತೂಗೀತೆಂಬುದು ಘರ್ಷಣೆಯನ್ನು ಅವಲಂಬಿಸಿದೆ. ಬಡತನದಷ್ಟು ಘರ್ಷಣೆ ಮತ್ತಾವುದಿದೆ?

ನಮ್ಮಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಇಲ್ಲವೆಂದಲ್ಲ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದು ಬಂದದ್ದು ಟಿ. ನರಸೀಪುರಕ್ಕೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಬಾರಿ ಮನೆಯಲ್ಲಿ ನೋಡಬೇಕು. 2018ರಲ್ಲಿ ಆರಂಭವಾದ ಇನ್ನೊಂದು ಕಾರ್ಯಕ್ರಮದಂತೆ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮತ್ತೆ ಐದು ಭೇಟಿ. ಹುಟ್ಟಿನಿಂದ ಮೂರು ವರ್ಷದವರೆಗೆ ಮಕ್ಕಳನ್ನು ಹೇಗೆ ಆಡಿಸಬೇಕೆಂದು ತಿಳಿಸುವ ‘ನವಚೇತನ’ ಎಂಬ ಚೌಕಟ್ಟನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರತಂದಿತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ರಾಜ್ಯ ‘ಕೂಸಿನ ಮನೆ’ಗಳನ್ನು ತೆರೆಯಲು ತೊಡಗಿದ್ದು 2023ರಲ್ಲಿ.

ಆದರೂ ಲೆಕ್ಕವನ್ನು ಲೆಕ್ಕವಾಗಿಯೇ ನೋಡೋಣ. ಜಮೈಕದ ಮಗುವಿನ ಮನೆಗೆ ಎರಡು ವರ್ಷಗಳಲ್ಲಿ ಸುಮಾರು ನೂರು ಭೇಟಿ; ಆಶಾ ಕಾರ್ಯಕರ್ತೆಯಿಂದ ನಮ್ಮ ಕೂಸಿಗೆ 3ನೆಯ ತಿಂಗಳಿನಿಂದ 15ನೆಯದರವರೆಗೆ ಐದು. ಆ ಐದರಲ್ಲಿಯೇ ತೂಕ, ಲಸಿಕೆ, ಕಬ್ಬಿಣದ ಔಷಧಿ, ಮೇಲೂಟ, ಕೈ ತೊಳೆಯುವ ಮಾತು ಎಲ್ಲವೂ ಮುಗಿಯಬೇಕು. ಅಂಗನವಾಡಿಯವರ ಭೇಟಿಗಳು ಬೇರೆ ಇವೆ, ನಿಜ. ಅವರ ಕೈಯಲ್ಲಿ ದಾಖಲೆಯ ಕೆಲಸವೂ ಅಷ್ಟೇ ಇದೆ. ಆಟದ ಪಾಲಿಗೆ ಉಳಿಯುವ ನಿಮಿಷಗಳು ಎಷ್ಟೆಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಪ್ರಯೋಜನವನ್ನು ಮರೆಯಬಾರದು. ಆರು ತಿಂಗಳಾದರೂ ಸದ್ದಿನ ಕಡೆ ತಿರುಗದ ಕೂಸು ಮನೆಯವರ ಕಣ್ಣಿಗೆ ‘ಬಹಳ ಸಮಾಧಾನದ ಕೂಸು’ ಆಗಿ ಕಾಣಬಹುದು. ಹತ್ತು ಮನೆಗಳ ಕೂಸುಗಳನ್ನು ಕಂಡವರಿಗೆ ಅನುಮಾನ ಬರುತ್ತದೆ. ಕಿವುಡುತನ ಬೇಗ ತಿಳಿದು ಆರು ತಿಂಗಳೊಳಗೆ ನೆರವು ದೊರೆತ ಮಕ್ಕಳು ಭಾಷೆಯಲ್ಲಿ ಎಷ್ಟೋ ಮುಂದಿರುತ್ತಾರೆ. ಏಕೆಂಬುದನ್ನು ತಕಾರ ಟಕಾರಗಳ ಪ್ರಯೋಗವನ್ನು ಓದಿದ ನಿಮಗೆ ವಿವರಿಸಬೇಕಾಗಿಲ್ಲ.

ಮಗ್ಗದ ಮನೆಯಲ್ಲಿ ತಾಯಿ ಕಷ್ಟಪಟ್ಟರೂ ಕೂಸಿನ ಹತ್ತಿರವೇ ಇರುತ್ತಾಳೆ. ಬಾದಾಮಿ, ಹುನಗುಂದಗಳ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ತಾಯಿ ಹೊಲದಲ್ಲಿರುತ್ತಾಳೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ಸಂಸಾರಗಳು ದುಡಿಮೆಗೆಂದು ಗೋವಾಕ್ಕೂ ಮಂಗಳೂರಿಗೂ ಹೋಗುತ್ತವೆ. ಅದೇ ರಜೆಯಲ್ಲಿ ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರೊಡನೆ ಮನೆಮನೆ ತಿರುಗಿದೆ. ಮೂರನೆಯ ಮನೆಗೆ ಬೀಗ ಹಾಕಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಪಕ್ಕದ ಮನೆಯ ಮುದುಕಿ, ಎಲ್ಲರೂ ಕೂಸನ್ನು ಎತ್ತಿಕೊಂಡು ಮಂಗಳೂರಿಗೆ ಹೋದರೆಂದೂ ಮಳೆ ಬಿದ್ದ ಮೇಲೆ ಬಂದಾರೆಂದೂ ಹೇಳಿದಳು. ಕಾರ್ಯಕರ್ತೆ ಪುಸ್ತಕ ತೆರೆದು ಏನೋ ಬರೆದುಕೊಂಡರು. ಬಗ್ಗಿ ನೋಡಿದೆ. ಕೂಸಿಗೆ ಒಂಬತ್ತನೆಯ ತಿಂಗಳ ಭೇಟಿ ಅಂದಿಗಿತ್ತು.