ನಿಮ್ಮದೊಂದು, ನಮ್ಮದೊಂದು

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. 89 ವರ್ಷ ಕಾದಿದ್ದ ಸೀಮೆ ಸುಮ್ಮನೆ ಕೂತೀತೇ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆಯಿಂದಲೂ ಬೈಕು, ಕಾರು, ಟೆಂಪೊ ಹತ್ತಿ ಜನ ಬಂದರು. ಕೋಡಿಯಲ್ಲಿ ನೀರು ಸಲೀಸಾಗಿ ಇಳಿಯಿತು. ವಾಪಸು ಹೊರಟ ಗಾಡಿಗಳು ಮಾತ್ರ ಅಲ್ಲೇ ಸಿಕ್ಕಿಕೊಂಡವು. ಒಂದು ಸಾಲು ಹೋಗುವ ಕಡೆ ಮೂರು ಸಾಲು, ಎದುರು ಬರುವವರಿಗೂ ದಾರಿಯಿಲ್ಲ.

ಎರಡು ಗುಡ್ಡ ಹತ್ತಿರ ಬಂದ ಸಂದನ್ನೇ ಆರಿಸಿ ವೇದಾವತಿಗೆ ಕಟ್ಟೆ ಹಾಕಿದರು. 1907ರಲ್ಲಿ ಕೆಲಸ ಮುಗಿಯಿತು. ಅಣೆಕಟ್ಟೆಗೆ ಜಾಗ ಕಿರಿದಾದಷ್ಟೂ ಒಳ್ಳೆಯದು. ರಸ್ತೆಗೆ ಅದೇ ಕಂಟಕ.

ಈ ಇಕ್ಕಟ್ಟು ನೋಡಲು ಕೋಡಿ ಬೀಳುವವರೆಗೆ ಕಾಯಬೇಕಿಲ್ಲ. ಹಬ್ಬದ ಹಿಂದಿನ ಸಂಜೆ ಹೆದ್ದಾರಿ 48ರ ಗುಯಿಲಾಳು ಟೋಲ್ ದಾಟಿ ನೋಡಿ. ಅಷ್ಟಗಲ ಹರಡಿದ ಸಾಲುಗಳು ಗೇಟು ಎತ್ತಿದ್ದೇ ತಡ ಮತ್ತೆ ಮೂರು ಲೇನಿಗೆ ಇಳಿಯಬೇಕು. ಲಾರಿಯ ಮೂತಿ ಒಂದು ಗೇಣು ಮುಂದೆ, ಕಾರಿನ ಬಂಪರ್ ಅದಕ್ಕಿಂತ ಒಂದು ಬೆರಳು ಮುಂದೆ. ಹಾರ್ನೋ ಹಾರ್ನು.

ಇಲ್ಲಿ ನಮ್ಮ ನ್ಯಾಯವೇ ತಲೆಕೆಳಗು. ಮುಚ್ಚಿಹೋಗುವ ಲೇನಿನಲ್ಲಿ ಕೊನೆಯವರೆಗೂ ಬಂದವನನ್ನು ‘ನುಗ್ಗಿ ಬಂದ’ ಎಂದು ಬೈದು, ಮುಂದಿನ ಗಾಡಿಗೆ ಅಂಟಿಕೊಂಡು ಸಂದು ಮುಚ್ಚುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಆದರೆ ಗಾಡಿಗಳು ತೆವಳುತ್ತಿರುವಾಗ ಎರಡೂ ಲೇನು ತುಂಬುವುದೇ ಸರಿ. ಒಂದನ್ನು ಖಾಲಿ ಬಿಟ್ಟರೆ ಸಾಲು ಹಿಂದಕ್ಕೆ ಇನ್ನಷ್ಟು ಬೆಳೆಯುತ್ತದೆ. ಲೇನು ಮುಗಿಯುವ ಜಾಗದಲ್ಲಿ ಈ ಕಡೆಯದೊಂದು, ಆ ಕಡೆಯದೊಂದು, ಜರ್ಕಿನ್ನಿನ ಜಿಪ್ಪಿನ ಹಲ್ಲುಗಳ ಹಾಗೆ. ಜರ್ಮನಿಯ ರಸ್ತೆ ಕಾನೂನು ಈ ಪದ್ಧತಿಯನ್ನು ಜಿಪ್ಪಿನ ಹೆಸರಿನಿಂದಲೇ ಕರೆಯುತ್ತದೆ. ಅಮೆರಿಕದ ಮಿನೆಸೋಟಾ ರಾಜ್ಯದ ಸಾರಿಗೆ ಇಲಾಖೆಯ ಪ್ರಕಾರ ಇದರಿಂದ ಸಾಲು ಶೇ 40ರಷ್ಟು ಕುಗ್ಗಬಹುದು.

ಇದೆಲ್ಲ ನಿಧಾನದ ಮಾತು. ವೇಗದ ಹೆದ್ದಾರಿಗೆ ಸರ್ವಿಸ್ ರಸ್ತೆಯಿಂದ ಸೇರುವಾಗ ಲೆಕ್ಕವೇ ಬೇರೆ. ಗಂಟೆಗೆ 80 ಕಿ.ಮೀ. ಎಂದರೆ ಒಂದು ಸೆಕೆಂಡಿಗೆ 22 ಮೀಟರ್. ಅಲ್ಲಿ ಮೊದಲ ದಾರಿ ಮುಖ್ಯ ರಸ್ತೆಯವರದು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕನ್ನಡಿಗೆ ಬೀಳದ ಮೂಲೆಗಾಗಿ ಒಮ್ಮೆ ಕತ್ತು ತಿರುಗಿಸಿ, ಅವರ ವೇಗಕ್ಕೆ ಸಮನಾಗಿ ಸೇರಬೇಕು. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿಗೆ ಆ ವೇಗ ಬರುವುದಿಲ್ಲ, ಪಾಪ; ಅದು ದೊಡ್ಡ ಸಂದಿಗೆ ಕಾಯಲೇಬೇಕು, ಅದನ್ನು ಕಂಡ ಕಾರಿನವರು ದೂರದಿಂದಲೇ ಬಲಕ್ಕೆ ಸರಿಯಬೇಕು.

ಸಂದು ಬಿಡುವವರಿಗೂ ಒಂದು ಮಾತು: ಬಿಡುವುದಾದರೆ ಒಂದನ್ನೇ ಬಿಡಿ. ಧರ್ಮಾತ್ಮರಂತೆ ನಿಂತು ಐದು ಗಾಡಿ ಬಿಟ್ಟರೆ ಹಿಂದಿನವರಿಗೆ ಮೋಸ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಇನ್ನೊಮ್ಮೆ ಬಿದ್ದಾಗ ನೀವೂ ಬನ್ನಿ, ನೋಡಿ. ವಾಪಸು ಹೊರಡುವಾಗ ಪಕ್ಕದಲ್ಲಿ ಇಂಡಿಕೇಟರ್ ಮಿನುಗಿಸುತ್ತ ನಿಂತ ಗಾಡಿ ಕಂಡರೆ ಒಂದನ್ನು ಬಿಟ್ಟುಕೊಡಿ. ಎರಡನೆಯದನ್ನು ನಿಮ್ಮ ಹಿಂದಿನವರು ಬಿಡಲಿ.